ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ

ಕಥೆಗೆ ವಿಮರ್ಶೆ ಇದೆ, ಕವಿತೆಗೆ ಇದೆ. ಸಿನಿಮಾ ಶುಕ್ರವಾರ ಬಿಡುಗಡೆಯಾದರೆ ಶನಿವಾರ ವಿಮರ್ಶೆ ಸಿದ್ಧ. ಹೋಟೆಲಿನ ಮಸಾಲೆದೋಸೆಗೂ ಈಗ ನಕ್ಷತ್ರ ಕೊಡುವವರಿದ್ದಾರೆ. ಆದರೆ ದಿನಾ ಬೆಳಿಗ್ಗೆ ಎಷ್ಟೋ ಜನ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಪೆನ್ನು ಕಚ್ಚಿಕೊಂಡು, ಒಂದು ಅಕ್ಷರಕ್ಕಾಗಿ ಸೂರು ನೋಡುತ್ತಾ ಕೂರುತ್ತಾರಲ್ಲ, ಆ ಪದಬಂಧದ ಗುಣದೋಷ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ಬಿಡಿಸಿದರು, ಮಡಿಸಿಟ್ಟರು, ಸಂಜೆ ಅದೇ ಹಾಳೆಯ ಮೇಲೆ ಸೊಪ್ಪು ಸೋಸಿದರು, ಅಲ್ಲಿಗೆ ಮುಗೀತು. ಪರಊರಿನಲ್ಲಿ ಕೂತು ಅದನ್ನೇ ನೆಚ್ಚಿಕೊಂಡಿರುವ ನನ್ನಂಥವನಿಗೆ ಅದು ಅಷ್ಟಕ್ಕೇ ಮುಗಿಯುವ ವಿಷಯವಲ್ಲ. ಹಾಗಾಗಿ ಎಂ.ಕಾಂ. ಓದಿ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ತಾಳೆ ನೋಡಿದ ನಾನು ಈ ಕೆಲಸಕ್ಕೆ ಕೈ ಹಾಕಿದ್ದೇನೆ. ಸಾಹಿತ್ಯ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನಿರುವುದು ಹೈದರಾಬಾದಿನ ಗಚ್ಚಿಬೌಲಿ. ಮಗನ ಕೆಲಸ ಇಲ್ಲೇ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಲ್ಲಿ. ಗಚ್ಚು ಅಂದರೆ ಗಾರೆ, ಬೌಲಿ ಅಂದರೆ ಮೆಟ್ಟಿಲು ಬಾವಿ. ಗಾರೆ ಬಳಿದ ಬಾವಿಯಿಂದ ಹೆಸರು ಬಂತು ಅಂತ ಇಲ್ಲಿನವರು ಹೇಳುತ್ತಾರೆ. ಈಗ ಎಲ್ಲಿ ನೋಡಿದರೂ ಗಾಜಿನ ಕಟ್ಟಡ. ಲಿಫ್ಟಿನಲ್ಲಿ ಹಿಂದಿ, ಕೆಳಗೆ ತರಕಾರಿ ಗಾಡಿಯ ಹತ್ತಿರ ತೆಲುಗು, ಮೊಮ್ಮಗಳ ಬಾಯಲ್ಲಿ ಇಂಗ್ಲಿಷು. ಕನ್ನಡಕ್ಕೆ ನಾನು ಮತ್ತು ನನ್ನ ಹೆಂಡತಿ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ದಿನಕ್ಕೆ ಎಷ್ಟು ಪದ ಬಳಸುತ್ತಾರೆ ಅಂತ ಲೆಕ್ಕ ಹಾಕಿ ನೋಡಿ. "ಕಾಫಿ?", "ಹ್ಞೂಂ", "ಮಾತ್ರೆ ತಗೊಂಡ್ರಾ?" ಇಷ್ಟರಲ್ಲೇ ದಿನ ಕಳೆದುಹೋಗುತ್ತೆ. ಊರಿನಲ್ಲಿದ್ದಾಗ ಭಾಷೆ ಖರ್ಚಾಗುತ್ತದೆ ಅನ್ನೋದೇ ಗೊತ್ತಾಗೋದಿಲ್ಲ, ಯಾಕಂದರೆ ಬೀದಿಗಿಳಿದರೆ ಜಮಾ ಆಗುತ್ತಲೇ ಇರುತ್ತದೆ. ಇಲ್ಲಿ ಖರ್ಚೂ ಇಲ್ಲ, ಜಮಾನೂ ಇಲ್ಲ. ವಹಿವಾಟಿಲ್ಲದ ಖಾತೆಗೆ ಬ್ಯಾಂಕಿನಲ್ಲಿ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಹೀಗಾಗಿ ನನ್ನ ಕನ್ನಡದ ದಿನ ಶುರುವಾಗುವುದು ಒಂದು ಕನ್ನಡ ಪತ್ರಿಕೆಯ ಇ-ಪೇಪರಿನಿಂದ. ಪದಬಂಧದ ಪುಟವೊಂದನ್ನು ಪ್ರಿಂಟ್ ತೆಗೆದುಕೊಳ್ಳುತ್ತೇನೆ. ಅತ್ತ ಅರಸೀಕೆರೆಯಲ್ಲಿ ನನ್ನ ಅಣ್ಣ, ಗಣಿತದ ಮೇಷ್ಟ್ರಾಗಿ ನಿವೃತ್ತನಾದವನು, ಎಂಬತ್ತರ ಹತ್ತಿರದವನು, ಅದೇ ಪುಟ ಹಿಡಿದು ಕೂತಿರುತ್ತಾನೆ. ಹತ್ತು ಗಂಟೆಗೆ ಫೋನು. "ಏಳನೇದು ಬಂತೇನೋ?" "ಇಲ್ಲ ಅಣ್ಣ, ನೀನೇ ಹೇಳು." ಎರಡು ವರ್ಷದಿಂದ ಅವನಿಗೆ ಹೆಸರುಗಳು ಜಾರುತ್ತಿವೆ. ಪಕ್ಕದ ಮನೆಯವರ ಹೆಸರು, ತಾನೇ ಪಾಠ ಹೇಳಿದವರ ಹೆಸರು. ಪದಬಂಧದ ಉತ್ತರಗಳು ಮಾತ್ರ ಇನ್ನೂ ಬರುತ್ತವೆ, ಕೆಲವು ದಿನ ತಡವಾಗಿ. ಹಾಗಾಗಿ ಪದಬಂಧ ರಚಿಸುವವರು ಏನು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಅನ್ನೋದು ನಮ್ಮಿಬ್ಬರಿಗೂ ಬರೀ ಕಾಲಹರಣದ ವಿಷಯವಾಗಿ ಉಳಿದಿಲ್ಲ.

ಇನ್ನು ಈ ಆಟದ ಚರಿತ್ರೆ. ಪದಬಂಧದ ಮೂಲಪುರುಷನೂ ಊರು ಬಿಟ್ಟವನೇ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರದಾಕಾರದ ಮೊದಲ ಪದಬಂಧ ಪ್ರಕಟಿಸಿದ. ಲಂಡನ್ನಿನ 'ಟೈಮ್ಸ್' ಪತ್ರಿಕೆ 1930ರ ಫೆಬ್ರುವರಿ 1ರಿಂದ ಇದನ್ನು ದಿನಾ ಕೊಡತೊಡಗಿತು. ಕನ್ನಡದಲ್ಲಿ ಈ ಕಲೆಯ ದೊಡ್ಡ ಹೆಸರು ಅ. ನಾ. ಪ್ರಹ್ಲಾದ ರಾವ್. ಕೋಲಾರ ಜಿಲ್ಲೆಯವರು, 1984ರಲ್ಲಿ ಶುರುಮಾಡಿ ಹತ್ತಾರು ಸಾವಿರ ಪದಬಂಧ ರಚಿಸಿದವರು, ಡಾ. ರಾಜ್‌ಕುಮಾರ್ ಜೀವನಚರಿತ್ರೆ 'ಬಂಗಾರದ ಮನುಷ್ಯ' ಬರೆದವರೂ ಅವರೇ. ತೆಲುಗಿನಲ್ಲಂತೂ ಮಹಾಕವಿ ಶ್ರೀಶ್ರೀ, ಆರುದ್ರ ಅಂಥವರೇ ಪದಬಂಧ ರಚನೆಗೆ ಕೂತಿದ್ದರು. ಅಂದಮೇಲೆ ಇದು ವಿಮರ್ಶೆಗೆ ಯೋಗ್ಯವಲ್ಲದ ಪ್ರಕಾರ ಅನ್ನುವಂತಿಲ್ಲ.

ಮೊದಲು ಕನ್ನಡ ಪದಬಂಧದ ಕಷ್ಟ ಏನು ಅಂತ ನೋಡೋಣ. ಇಂಗ್ಲಿಷಿನವರಿಗೆ 26 ಅಕ್ಷರ, ಒಂದು ಮನೆಗೆ ಒಂದು. ನಮಗೆ ವರ್ಣಮಾಲೆಯಲ್ಲಿ 49. ಅದರಲ್ಲಿ 34 ವ್ಯಂಜನಕ್ಕೆ ಕಾಗುಣಿತ ಹಚ್ಚಿದರೆ ನಾಲ್ಕುನೂರು ದಾಟಿತು, ಒತ್ತಕ್ಷರ ಬೇರೆ. 'ಕನ್ನಡ' ಅಂದರೆ ಮೂರು ಮನೆ: ಕ, ನ್ನ, ಡ. 'ಗಚ್ಚಿಬೌಲಿ' ನಾಲ್ಕು: ಗ, ಚ್ಚಿ, ಬೌ, ಲಿ. ಈ 'ಚ್ಚಿ'ಯನ್ನೂ 'ಬೌ'ವನ್ನೂ ಮೇಲಿನಿಂದ ಕೆಳಕ್ಕೆ ಇಳಿಯುವ ಇನ್ನೊಂದು ಪದಕ್ಕೆ ಕೂಡಿಸುವುದು ಹುಡುಗಾಟವಲ್ಲ. ಅಡ್ಡಸಾಲಿನ ಪದ, ಕೆಳಸಾಲಿನ ಪದ ಎರಡೂ ಒಂದೇ ಮನೆಯಲ್ಲಿ ಸೇರಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ಜೋಡಿ ನಮೂದು: ಒಂದು ಅಕ್ಷರ, ಎರಡು ಲೆಕ್ಕದಲ್ಲಿ ದಾಖಲು. ಒಂದರಲ್ಲಿ ಅನುಮಾನವಿದ್ದರೆ ಇನ್ನೊಂದರಲ್ಲಿ ತಾಳೆ ನೋಡಬಹುದು. ಪದಬಂಧದ ಪ್ರಾಮಾಣಿಕತೆ ಇರುವುದು ಇಲ್ಲೇ. ಬಿಡಿಸುವವನಿಗೆ ಸುಳಿವಿನಿಂದ ಗೊತ್ತಾಗದಿದ್ದರೆ ಕೂಡುವ ಮನೆಯಿಂದಾದರೂ ಗೊತ್ತಾಗಬೇಕು. ಎರಡು ಬಾಗಿಲಲ್ಲಿ ಒಂದಾದರೂ ತೆರೆದಿರಬೇಕು.

ಎಷ್ಟೋ ಸಲ ಎರಡನ್ನೂ ಮುಚ್ಚಿಬಿಡುತ್ತಾರೆ. ಉದಾಹರಣೆಗೆ ಸುಳಿವು: 'ಕಮಲ (3)'. ನೀವು ಏನು ಬರೆಯುತ್ತೀರಿ? ಜಲಜ, ವಾರಿಜ, ಅಂಬುಜ, ನೀರಜ, ಪಂಕಜ, ಸರೋಜ, ವನಜ. ಏಳು ಸಿಕ್ಕವು, ಹುಡುಕಿದರೆ ಇನ್ನೂ ಸಿಕ್ಕಾವು. ತೊಂದರೆಯಿಲ್ಲ, ಕೂಡುವ ಮನೆ ನೋಡೋಣ ಅಂತ ಹೋದರೆ ರಚಿಸಿದವರು ಕೂಡಿಸಿರುವುದು ಕೊನೆಯ ಮನೆಯನ್ನು. ಅಲ್ಲಿರುವುದು 'ಜ'. ಏಳಕ್ಕೂ ಕೊನೆಯಲ್ಲಿ ಜ! ಅದೇ ಮೊದಲ ಮನೆಯನ್ನು ಕೂಡಿಸಿದ್ದರೆ ಏಳೂ ಬೇರೆ ಬೇರೆಯಾಗಿಬಿಡುತ್ತಿದ್ದವು: ಜ, ವಾ, ಅಂ, ನೀ, ಪಂ, ಸ, ವ. ನಾನು ಹೇಳುವ ನಿಯಮ ಇಷ್ಟೇ. ಸಮಾನಾರ್ಥಕ ಪದಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಕೂಡಿಸಿ, ಎಲ್ಲಿ ಒಂದೇ ಆಗಿರುತ್ತವೋ ಅಲ್ಲಿ ಕೂಡಿಸಿ ಏನೂ ಪ್ರಯೋಜನವಿಲ್ಲ. ಸಾಲಗಾರನನ್ನು ಗುರುತಿಸಲು 'ಎರಡು ಕಣ್ಣು, ಒಂದು ಮೂಗು ಇದೆ' ಅಂತ ವರದಿ ಬರೆದ ಹಾಗೆ ಅದು.

ಇದನ್ನು ಇಷ್ಟು ದೊಡ್ಡದು ಮಾಡೋದು ಯಾಕೆ ಅಂತ ಕೇಳಬಹುದು. ಬೇರೆಯವರಿಗೆ ಸಣ್ಣದಿರಬಹುದು. ಅಂಥ ಸುಳಿವು ಬಂದ ದಿನ ಅಣ್ಣ ಫೋನಿನಲ್ಲಿ ಒಂದು ನಿಮಿಷ ಸುಮ್ಮನಿರುತ್ತಾನೆ. ಆಮೇಲೆ, "ನನ್ನ ತಲೆ ಖಾಲಿ ಆಯ್ತು ಕಣೋ" ಅನ್ನುತ್ತಾನೆ. "ಅಣ್ಣ, ನಿನ್ನ ತಲೆ ಸರಿಯಾಗಿದೆ, ಸುಳಿವೇ ಸರಿಯಿಲ್ಲ" ಅಂದರೆ ನಂಬೋದಿಲ್ಲ. ಅಚ್ಚಾದದ್ದು ತಪ್ಪಿರಲಾರದು, ಮರೆತವನು ತಾನೇ ಇರಬೇಕು ಅನ್ನುವ ಕಾಲದ ಮನುಷ್ಯ ಅವನು. ಬುದ್ಧಿವಂತಿಕೆ ತೋರಿಸಲು ಹೋಗಿ ಯಾರೋ ಕಟ್ಟಿದ ಒಂದು ಗಂಟನ್ನು ಒಬ್ಬ ಮುದುಕ ತನ್ನ ಮರೆವಿನ ಖಾತೆಗೆ ಬರೆದುಕೊಳ್ಳುತ್ತಾನೆ. ನನ್ನ ಆಕ್ಷೇಪಣೆಯ ಬೇರು ಇಲ್ಲಿದೆ.

ಪದಬಂಧ ಬಿಡಿಸಿದರೆ ಮರೆವು ಬರೋದಿಲ್ಲ ಅಂತ ಹೇಳುವವರು ಬಹಳ. ವೈದ್ಯಲೋಕ ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. 2022ರಲ್ಲಿ ಅಮೆರಿಕದ ಕೊಲಂಬಿಯಾ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಮರೆವಿನ ಆರಂಭದ ಹಂತದಲ್ಲಿದ್ದ 107 ಜನ, 78 ವಾರ. ಕೆಲವರಿಗೆ ಪದಬಂಧ, ಕೆಲವರಿಗೆ ಕಂಪ್ಯೂಟರಿನ ನೆನಪಿನ ಆಟಗಳು. ಪದಬಂಧದವರು ಸ್ವಲ್ಪ ಮೇಲಾಗಿ ಉಳಿದರು. ಆದರೆ ಎರಡನ್ನೂ ಆಡದ ಮೂರನೆಯ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ. ಹಾಗಾಗಿ ಇದನ್ನು ಔಷಧಿ ಅಂತ ನಾನು ಅಣ್ಣನಿಗೆ ಹೇಳಿಲ್ಲ. ದಿನಾ ಹತ್ತು ಗಂಟೆಗೆ ಮಾತಾಡಲು ಒಂದು ನೆಪ, ಆ ನೆಪದಲ್ಲಿ ಅವನ ದನಿ ಹೇಗಿದೆ ಅಂತ ನನಗೆ ತಿಳಿಯುತ್ತೆ, ಅಷ್ಟು ಸಾಕು.

ಒಳ್ಳೆಯ ಒಗಟು, ಕೆಟ್ಟ ಒಗಟು ಅನ್ನುವ ವಿಂಗಡಣೆ ನಾನು ಹುಟ್ಟಿಸಿದ್ದೂ ಅಲ್ಲ. ಸಂಸ್ಕೃತದ ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಪ್ರಹೇಳಿಕೆ, ಅಂದರೆ ಒಗಟಿನ, 16 ಬಗೆಗಳನ್ನು ವಿವರಿಸುತ್ತಾನೆ. ಇವಲ್ಲದೆ ದೋಷವುಳ್ಳವು 14 ಇವೆ ಅಂತಲೂ ಹೇಳುತ್ತಾನೆ. ಗೋಷ್ಠಿಯ ವಿನೋದಕ್ಕೆ, ಗುಂಪಿನ ನಡುವೆ ತಿಳಿದವರು ಗುಟ್ಟಾಗಿ ಮಾತಾಡಿಕೊಳ್ಳಲು, ಎದುರಿನವರನ್ನು ಕಕ್ಕಾಬಿಕ್ಕಿ ಮಾಡಲು ಇವು ಉಪಯೋಗ ಅನ್ನುವುದು ಅವನ ಮಾತು. ನಮ್ಮ 'ಕವಿರಾಜಮಾರ್ಗ'ಕ್ಕೆ ಆಧಾರವಾದ ಗ್ರಂಥ ಅದು. ಎಂ.ಕಾಂ. ಓದಿದವನಿಗೆ ದಂಡಿ ಎಲ್ಲಿ ಸಿಕ್ಕ ಅಂತ ಕೇಳಬೇಡಿ, ನಿವೃತ್ತಿಯಲ್ಲಿ ಸಮಯ ಬಹಳ. ನನಗೆ ಹಿಡಿಸಿದ್ದು ಅವನ ಎರಡನೆಯ ಉಪಯೋಗ. ಗುಂಪಿನ ನಡುವೆ ತಿಳಿದವರ ಗುಟ್ಟು ಮಾತು! ಪರಭಾಷೆಯ ಊರಿನಲ್ಲಿ ಕನ್ನಡ ಪದಬಂಧ ಅಂದರೆ ಅದೇ ಅಲ್ಲವೇ?

ಹಾಗಾದರೆ ಒಳ್ಳೆಯ ಸುಳಿವು ಹೇಗಿರುತ್ತದೆ? ಇಂಗ್ಲಿಷ್ ಗೂಢ ಪದಬಂಧದಲ್ಲಿ ಅಕ್ಷರ ಕಲಸಿ ಹೊಸ ಪದ ಮಾಡುವ ಆಟ ಜಾಸ್ತಿ. ಕನ್ನಡದಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡಿರುವುದರಿಂದ ಅಷ್ಟು ಸುಲಭವಾಗಿ ಕಲಸಲು ಬರೋದಿಲ್ಲ. ಆದರೆ ತಿರುಗಿಸಲು ಬರುತ್ತದೆ. 'ಕಪಿ ತಿರುಗಿ ಕೂತರೆ ಹಾಡೀತು (2)'. ಉತ್ತರ ಪಿಕ, ಕೋಗಿಲೆ. 'ನದಿ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ (2)'. ಉತ್ತರ ದಿನ. ಇವು ನಾನೇ ಮಾಡಿದವು, ಯಾರ ಹಕ್ಕೂ ಇಲ್ಲ. ಗದಗ, ಕನಕ, ನಯನ, ನವಜೀವನ, ತೆನಾಲಿ ರಾಮನ ವಿಕಟಕವಿ: ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಇಂಥ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಇಂಥ ಸುಳಿವಿನಲ್ಲಿ ಗೊತ್ತಿರುವ ಎರಡು ಪದದ ನಡುವೆ ಗೊತ್ತಿಲ್ಲದ ಒಂದು ನಂಟು ಹೊರಬೀಳುತ್ತದೆ. ಬಿಡಿಸಿದವನು ನಗುತ್ತಾನೆ. 'ಇಂಥ ಸಿನಿಮಾದ ನಾಯಕಿ ಯಾರು' ಅನ್ನೋ ಸುಳಿವಿನಲ್ಲಿ ಆ ನಗು ಇಲ್ಲ. ಗೊತ್ತಿದ್ದರೆ ಬರೆದೆ, ಇಲ್ಲದಿದ್ದರೆ ಬಿಟ್ಟೆ.

ಊರು ಬಿಟ್ಟವನಿಗೆ ಒಂದು ಲಾಭವೂ ಇದೆ, ಅದನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಆಗಾಗ 'ಹಳಗನ್ನಡದಲ್ಲಿ ಹುಲಿ (2)' ಅಂತ ಸುಳಿವು ಬರುತ್ತದೆ. ಉತ್ತರ ಪುಲಿ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು ಅಂತ ನಾವೆಲ್ಲ ಹೈಸ್ಕೂಲಿನಲ್ಲಿ ಉರುಹೊಡೆದವರು. ತೆಲುಗಿನವರು ಆ ಪಕಾರವನ್ನು ಬಿಟ್ಟೇ ಇಲ್ಲ. ಹುಲಿಗೆ ಪುಲಿ, ಹೂವಿಗೆ ಪುವ್ವು, ಹಂದಿಗೆ ಪಂದಿ, ಹಾವಿಗೆ ಪಾಮು. ಮನೆಕೆಲಸಕ್ಕೆ ಬರುವ ಹೆಂಗಸು ಅಡುಗೆಮನೆಯಿಂದ "ಪಾಲು ಪೊಂಗಾಯಿ" ಅಂತ ಕೂಗಿದರೆ, ಉಕ್ಕಿದ್ದು ಹಾಲು ಅಂತ ತಿಳಿಯುವುದರ ಜೊತೆಗೆ ಹೈಸ್ಕೂಲಿನ ಹಳಗನ್ನಡ ಪಾಠವೂ ಕಿವಿಗೆ ಬೀಳುತ್ತದೆ. ಅರಸೀಕೆರೆಯಲ್ಲಿ ಅಣ್ಣ ನೆನಪಿನಿಂದ ಕೆದಕಿ ತೆಗೆಯುವ ಪದ ಗಚ್ಚಿಬೌಲಿಯಲ್ಲಿ ನನಗೆ ತರಕಾರಿ ಗಾಡಿಯ ಹತ್ತಿರ ಸಿಗುತ್ತದೆ. ಅದರಿಂದ ಒಂದು ಸುಳಿವೂ ಹುಟ್ಟಿತು: 'ಆಸ್ತಿ ಹಂಚಿದಾಗ ನಮಗೆ ಸಿಕ್ಕಿದ್ದು, ತೆಲುಗರ ಮನೆಯಲ್ಲಿ ಕಾಯಿಸಿದರೆ ಉಕ್ಕುತ್ತದೆ (2)'. ಅಣ್ಣ ಐದು ನಿಮಿಷದಲ್ಲಿ ಬಿಡಿಸಿದ. ಪಾಲು!

ನನ್ನ ಎರಡನೆಯ ಆಕ್ಷೇಪಣೆ ಪದಗಳ ಆಯ್ಕೆಯ ಬಗ್ಗೆ. ಕಮಲಕ್ಕೆ ಏಳು ಹೆಸರು ಕೇಳುವ ಪದಬಂಧಗಳಲ್ಲಿ ಠೇವಣಿ, ತಗಾದೆ, ಕಂತು, ಬಾಕಿ, ವಸೂಲಿ ನಾನು ಕಂಡದ್ದು ಅಪರೂಪ. ಒಂದು ರೈತಕುಟುಂಬದ ವರ್ಷವನ್ನು ಈ ಐದು ಪದಗಳಲ್ಲಿ ಹೇಳಿ ಮುಗಿಸಬಹುದು. ಕಮಲದ ಹೆಸರುಗಳಲ್ಲಿ ಹೇಳಲಾಗದು. ಕ್ರಿಯಾಪದಗಳ ಗತಿ ಇನ್ನೂ ಕಷ್ಟ. ನಮ್ಮಮ್ಮ ದೋಸೆಹಿಟ್ಟು ರುಬ್ಬುತ್ತಿದ್ದಳು, ರಾಗಿ ಬೀಸುತ್ತಿದ್ದಳು, ಗಂಧ ತೇಯುತ್ತಿದ್ದಳು, ಖಾರದಪುಡಿಗೆ ಮೆಣಸಿನಕಾಯಿ ಕುಟ್ಟುತ್ತಿದ್ದಳು. ನಮ್ಮ ಸೊಸೆಗೆ, ಮೊಮ್ಮಗಳಿಗೆ ಈ ನಾಲ್ಕಕ್ಕೂ ಒಂದೇ ಮಾತು: ಗ್ರೈಂಡ್. ಊರು ಬಿಟ್ಟ ಮನೆಯಲ್ಲಿ ಮೊದಲು ಕಳೆದುಹೋಗುವುದು ಇಂಥ ಪದ. ಅಂಬುಜ ಉಳಿದುಕೊಳ್ಳುತ್ತದೆ, ಯಾರಾದರೊಬ್ಬರ ಅಜ್ಜಿಯ ಹೆಸರಾಗಿಯಾದರೂ. 'ತೇಯು' ಹೋದರೆ ಹೋಯಿತು. ಹಾಗೇ ರಾಯಚೂರಿನ ಶಾಖೆಯಲ್ಲಿದ್ದಾಗ ನಾನು ಕೇಳಿದ ಖರೇ, ಲಗೂ, ಛಲೋ ಇವೆಲ್ಲ ಯಾವ ಚೌಕಕ್ಕೆ ಸೇರಬೇಕು? ಪದಬಂಧಕ್ಕೆ ನಿಘಂಟು ಒಂದೇ ಊರಾಗಬಾರದು.

ಇದಕ್ಕೆ ಉತ್ತರವೂ ಇದೆ ಅನ್ನಿ. ಸಂಸ್ಕೃತದ ಪದಗಳೂ ಸಾವಿರ ವರ್ಷದಿಂದ ನಮ್ಮವೇ; ಪದಬಂಧದಲ್ಲೂ ಇಲ್ಲದಿದ್ದರೆ ಅವು ಇನ್ನೆಲ್ಲಿ ಬದುಕಬೇಕು? ನ್ಯಾಯವಾದ ಮಾತು. ಅವುಗಳಲ್ಲಿ ಒಂದು ಸೊಗಸಾದ ಏರ್ಪಾಡೂ ಇದೆ. ನೀರಿನ ಹೆಸರಿಗೆ 'ಜ' ಸೇರಿಸಿದರೆ ಕಮಲ, 'ದ' ಸೇರಿಸಿದರೆ ಮೋಡ, 'ಧಿ' ಸೇರಿಸಿದರೆ ಸಮುದ್ರ. ಜಲಜ, ಜಲದ, ಜಲಧಿ. ಅಂಬುಜ, ಅಂಬುದ, ಅಂಬುಧಿ. ವಾರಿಜ, ವಾರಿದ, ವಾರಿಧಿ. ಒಂದು ಮನೆ ಬದಲಾದರೆ ಕೊಳದ ಹೂವು ಆಕಾಶಕ್ಕೇರುತ್ತದೆ, ಇನ್ನೊಮ್ಮೆ ಬದಲಾದರೆ ಕಡಲಿಗಿಳಿಯುತ್ತದೆ. ಇದನ್ನು ಬಳಸಿಕೊಂಡು ಎಂಥ ಚಂದದ ಸುಳಿವು ಮಾಡಬಹುದು! ಬರೀ 'ಕಮಲ (3)' ಅಂತ ಬರೆದು ಕೈತೊಳೆದುಕೊಂಡರೆ ಆ ಐಶ್ವರ್ಯ ಇದ್ದೂ ಇಲ್ಲದ ಹಾಗೆ. ನನ್ನ ತಕರಾರು ಸಂಸ್ಕೃತದ ಮೇಲಲ್ಲ, ಸೋಮಾರಿತನದ ಮೇಲೆ.

ಈಚೆಗೆ ನಾವು ಅಣ್ಣತಮ್ಮಂದಿರು ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಬ್ಯಾಂಕಿನಲ್ಲಿ ಯಾವ ಲೆಕ್ಕಕ್ಕೆ ಸೇರಬೇಕು ಅಂತ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ವಿವರ ಸಿಕ್ಕ ಮೇಲೆ ಅಲ್ಲಿಂದ ತೆಗೆದು ಸರಿಯಾದ ಖಾತೆಗೆ. ಹಾಗೆಯೇ ಬಾರದ ಸುಳಿವನ್ನು ಅಣ್ಣ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಮರುದಿನ ಉತ್ತರ ಬಂದಮೇಲೆ ಇಬ್ಬರೂ ಸೇರಿ ತೀರ್ಪು ಕೊಡಬೇಕು: ಇದು ಮರೆತದ್ದೋ, ಸುಳಿವಿನ ದೋಷವೋ? ಮೊದಲ ತಿಂಗಳು ಎಲ್ಲವನ್ನೂ ಅವನು ಮರೆತದ್ದಕ್ಕೇ ಬರೆದುಕೊಂಡ. ಈಗ ಜಗಳ ಆಡುತ್ತಾನೆ. "ಇದು ನಂದಲ್ಲ ಕಣೋ, ಅವರದ್ದು. ಬರಿ, ಅವರ ಲೆಕ್ಕಕ್ಕೆ ಬರಿ!" ಆ ಜಗಳದ ದನಿ ಕೇಳಿದ ದಿನ ನನಗೆ ಊಟ ಚೆನ್ನಾಗಿ ಸೇರುತ್ತೆ. ಮರೆತದ್ದೂ ಇರುತ್ತವೆ, ಇಲ್ಲ ಅನ್ನಲಾರೆ. ಅವುಗಳ ಸಂಖ್ಯೆ ನಿಧಾನವಾಗಿ ಏರುತ್ತಿದೆ ಅನ್ನುವುದನ್ನು ಲೆಕ್ಕ ಬಲ್ಲ ನಾವಿಬ್ಬರೂ ನೋಡಿದ್ದೇವೆ, ಇಬ್ಬರೂ ಹೇಳಿಲ್ಲ.

ಇನ್ನು ಮೊಮ್ಮಗಳು. ತೆಲಂಗಾಣದಲ್ಲಿ 2018ರ ಕಾಯಿದೆಯ ಪ್ರಕಾರ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಹಾಗಾಗಿ ತೆಲುಗು ಅಕ್ಷರ ಅವಳಿಗೆ ಬರುತ್ತದೆ. ಗ, ದ, ಬ, ರ, ಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ತಲೆಕಟ್ಟು ಬೇರೆ ಅಷ್ಟೆ. ಪುಸ್ತಕದ ಸಾಲು ನೋಡಿದರೆ ಮುಖ ತಿರುಗಿಸುವವಳು ಚೌಕದಲ್ಲಿ ಒಂದೊಂದೇ ಅಕ್ಷರ ಇಟ್ಟರೆ ಓದುತ್ತಾಳೆ. ಅವಳಿಗಾಗಿ ಅಣ್ಣ ಅರಸೀಕೆರೆಯಿಂದ ಐದು ಮನೆ ಉದ್ದ, ಐದು ಮನೆ ಅಗಲದ ಪದಬಂಧ ಬರೆದು ಫೋಟೋ ತೆಗೆಸಿ ಕಳಿಸತೊಡಗಿದ್ದಾನೆ. ಅದರಲ್ಲಿ ಕಮಲವಿಲ್ಲ. ರುಬ್ಬು ಇದೆ, ಬೀಸು ಇದೆ, ಕೇರು ಇದೆ. ಅವಳು ಒಂದೊಂದಕ್ಕೂ "ಹಾಗಂದ್ರೇನು ತಾತಾ?" ಅಂತ ಕೇಳುತ್ತಾಳೆ, ನಾನು ಅಡುಗೆಮನೆಯಿಂದ ತಟ್ಟೆ ತಂದು ಕೇರಿ ತೋರಿಸುತ್ತೇನೆ. ಚೌಕ ತುಂಬಿದ ಮಾತ್ರಕ್ಕೆ ಭಾಷೆ ಬಂತು ಅಂತ ನಾನು ಭ್ರಮಿಸಿಲ್ಲ. ಪದಬಂಧ ಪದ ಕೇಳುತ್ತದೆ, ವಾಕ್ಯ ಕೇಳುವುದಿಲ್ಲ. ವಾಕ್ಯ ಹುಟ್ಟುವುದು ಆ "ಹಾಗಂದ್ರೇನು" ಅನ್ನುವ ಪ್ರಶ್ನೆಯ ನಂತರ.

ಕೊನೆಗೆ ಪದಬಂಧ ರಚಿಸುವ ಮಹನೀಯರಲ್ಲಿ ಒಂದು ಅರಿಕೆ. ಕಷ್ಟ ಕೊಡಿ, ಬೇಡ ಅನ್ನುವುದಿಲ್ಲ. ಸುಲಭದ್ದನ್ನು ಬಿಡಿಸುವುದರಲ್ಲಿ ಸುಖವಿಲ್ಲ. ಆದರೆ ನಿಮ್ಮ ಸುಳಿವನ್ನು ಅಚ್ಚಿಗೆ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಸೋತವನು ಮರುದಿನ ಉತ್ತರ ನೋಡಿದಾಗ ಅವನ ಬಾಯಲ್ಲಿ ಏನು ಬರುತ್ತದೆ? "ಅಯ್ಯೋ, ಇದು ನನಗೆ ಗೊತ್ತಿತ್ತಲ್ಲ!" ಅಂದರೆ ನಿಮ್ಮ ಸುಳಿವು ಒಳ್ಳೆಯದು. "ಇದು ನನಗೆ ಹೇಗೆ ಗೊತ್ತಾಗಬೇಕಿತ್ತು?" ಅಂದರೆ ಕೆಟ್ಟದ್ದು. ಮೊದಲನೆಯವನು ನಾಳೆಯೂ ಪೆನ್ನು ಹಿಡಿಯುತ್ತಾನೆ. ಎರಡನೆಯವನು, ಅದರಲ್ಲೂ ವಯಸ್ಸಾದವನು, ಊರು ಬಿಟ್ಟವನು, ಮೆಲ್ಲಗೆ ಪೆನ್ನಿನ ಮುಚ್ಚಳ ಹಾಕಿಬಿಡುತ್ತಾನೆ.